ಕಡಿತ

ನನ್ನ ಕಣ್ಣು ತಪ್ಪು ಹುಡುಕಾಕ ಪಗಾರ ತಗೋತಾವ.
ಗುಳೇದಗುಡ್ಡದ ಸಾಹುಕಾರರ ಗಾದಿ ಮ್ಯಾಲ
ಇಪ್ಪತ್ತೆರಡು ವರ್ಷ
ಖಣದ ಘಳಿಗಿ ಬಿಚ್ಚಿ, ಕಿಟಕಿ ಬೆಳಕಿಗೆ ಹಿಡದು,
ಎಳಿ ಎಣಿಸೋ ಭಿಂಗ ಊರಿ
ಹೊಕ್ಕು ಎಲ್ಲಿ ತಪ್ಪೇತಿ,
ಆನಿ ಹೆಜ್ಜಿ ಎಲ್ಲಿ ಕುಂಟೇತಿ,
ದಡಿಗೆ ಎಣ್ಣಿ ಕೈ ಎಲ್ಲಿ ತಾಗೇತಿ,
ಹೇಳತೀನಿ.
ಹೇಳಿದಕೂಡ್ಲೆ ಕೂಲಿ ಇಳಿತೈತಿ.

ರಾತ್ರಿ ಅದಽ ಭಿಂಗ, ಬ್ಯಾರೆ ದಂಧೆ.
ಚಹಾದಂಗಡಿಯಿಂದ, ಹಾಲಿನ ಡೇರಿ ಗಲ್ಲೆಯಿಂದ
ನೋಟು ಕೊಟ್ಟು ಚಿಲ್ಲರ ತರತೀನಿ,
ನೂರಕ್ಕ ನೂರು, ಯಾರಿಗೂ ಲುಕ್ಸಾನಿಲ್ಲ.
ಇಸ್ವಿಯ ಕೆಳಗ ದುಂಡ ಚುಕ್ಕಿ, ನೋಯ್ಡಾ.
ನಕ್ಷತ್ರ, ಹೈದರಾಬಾದ. ವಜ್ರ, ಮುಂಬೈ.
ಏನೂ ಇಲ್ಲಂದ್ರ ಕಲ್ಕತ್ತಾ.
ಹೆಂಡತಿ ಒಳಗಿಂದ ಕೂಗತಾಳ:
ರೊಕ್ಕ ಎಣಿಸಿದ್ರ ಸಾಲದೇನು,
ಓದಾಕ ಬ್ಯಾರೆ ಬೇಕೇನು?

ಬಾಗಲಕೋಟ್ಯಾಗ ಗಡಿಯಾರ ರಿಪೇರಿಯ ಮೌಲಾಸಾಬ,
ಅವನಽ ನನ್ನ ಗುರು.
ಉಬ್ಬಿದ ಗೆರಿ ಅಚ್ಚಿನ ಬಿರುಕು, ಅದಕ್ಕ ಬೆಲಿ ಐತಿ.
ತಗ್ಗಿದ ಗೆರಿ ಬಾಳುವೆಯ ಗೀರು, ಅದಕ್ಕ ಇಲ್ಲ.
ಹುಟ್ಟುವಾಗಿನ ತಪ್ಪಽ ಬೇಕು, ತಮ್ಮಾ.
ಆಮ್ಯಾಲ ಬಿದ್ದದ್ದು, ಸವದದ್ದು,
ಹುಡುಗ್ರು ರೈಲಿನ ಹಳಿ ಮ್ಯಾಲ ಇಟ್ಟದ್ದು,
ಎಲ್ಲಾ ಬರೀ ಎರಡು ರೂಪಾಯಿ.
ಮತ್ತ, ಕಡಿತ ಬಿದ್ದ ನಾಣ್ಯ ಸಿಕ್ರ
ಕಡಿತ ನೋಡಬ್ಯಾಡ, ಅದರ ಎದುರಿನ ದಂಡಿ ನೋಡು.
ಇಲ್ಲೆ ತಗಡು ಕಡಿಮಿ ಬಿದ್ರ
ಅಲ್ಲೆ ಅಂಚು ಏಳೂದಿಲ್ಲ, ಸೊರಗತೈತಿ.
ಅರ ಹಚ್ಚಿ ಮೋಸ ಮಾಡಾವಗ
ಇಷ್ಟು ಗೊತ್ತಿರೂದಿಲ್ಲ.

ಶ್ರಾವಣದಾಗ ಒಂದು ಶನಿವಾರ
ಮಾನವ್ವ ಹತ್ತು ಖಣ ತಂದ್ಲು.
ಏಳನೇದರಾಗ ಒಂದು ಹೊಕ್ಕು ಇಲ್ಲ.
ಲೈಟ್ ಹೋದಾಗ ಲಾಳಿ ಕೈಯಾಗಿತ್ರೀ, ಅಂದ್ಲು.
ಹನ್ನೆರಡು ರೂಪಾಯಿ ಕಡದೆ.
ಚೀಟಿ ಬರದೆ. ನೋಟು ಎಣಿಸಿದೆ,
ಉಳಿದ ಎಂಟಕ್ಕ ಎರಡರ ನಾಣ್ಯ ನಾಕು.
ಮೂರನೇದರ ಮ್ಯಾಲ ಹೆಬ್ಬಟ್ಟು ನಿಂತಿತು.
ಬಲಕ್ಕ, ಇಲಿ ತಿಂದ ರೊಟ್ಟಿ ಹಂಗ
ಒಂದು ಅರ್ಧಚಂದ್ರ ಇಲ್ಲ.
ಮೆಲ್ಲಕ ಅದನ್ನ ತೊಡಿ ಕೆಳಗ ಸರಿಸಿ
ತುಂಬು ದುಂಡಂದು ಕೊಟ್ಟೆ.
ಎರಡಕ್ಕ ಎರಡು. ಲೆಕ್ಕದಾಗ ತಪ್ಪಿಲ್ಲ.
ಆಕಿ ಸೆರಗಿಗೆ ಗಂಟು ಹಾಕ್ಕೊಂಡು ಇಳದು ಹೋದ್ಲು.

ಮೌಲಾಸಾಬ ಕಣ್ಣಿಗೆ ಕನ್ನಡಿ ಸಿಗಿಸಿ ಬಾಳ್ಹೊತ್ತು ಕೂತ.
ಗ್ವಾಡಿ ಮ್ಯಾಲಿನ ಗಡಿಯಾರ ಒಂದೊಂದು ಒಂದೊಂದು ವ್ಯಾಳೆ ತೋರಿಸ್ತಿದ್ದವು.
ಖರೇ ಮಾಲು, ಅಂದ. ಸಾವಿರದ ಇನ್ನೂರು.
ಪುಣೆಯವ ಬಂದ್ರ ಹದಿನೈದು ನೂರು.
ತಡದು, ನಕ್ಕ:
ಕಾಯಿಪಲ್ಲೆಯವಗ ಕೊಟ್ರ ಎರಡಽ.
ಅವನೂ ಹೊಳ್ಳಿಸಿ ಒಗಿಬಹುದು.

ಮಾರಲಿಲ್ಲ. ಯಾಕ ಅಂತ ಕೇಳಬ್ಯಾಡ್ರಿ.
ಸಣ್ಣ ಪ್ಲಾಸ್ಟಿಕ್ ಚೀಲದಾಗ ಹಾಕಿ
ಖಾತೆ ವಹಿಯ ಗುರ್ತಿಗೆ ಇಟ್ಟಿದ್ದೆ,
ಮಾನವ್ವನ ಪುಟದಾಗ ಅಲ್ಲ,
ಅದರ ಹಿಂದಿನ ಪುಟದಾಗ.

ಮುಂದಿನ ವಾರ ಆಕಿ ಬಂದಾಗ ವಹಿ ತಗದೆ,
ಅದು ಜಾರಿ ಖಣದ ಮ್ಯಾಲ ಬಿತ್ತು.
ಇದೇನ್ರೀ?
ಏನೂ ಇಲ್ಲ, ಅನ್ನಬಹುದಿತ್ತು.
ಭಿಂಗ ಆಕಿ ಕೈಗೆ ಕೊಟ್ಟೆ.
ಮಗ್ಗದ ಮುಂದ ಮೂವತ್ತು ವರ್ಷ ಬಗ್ಗಿದ ಕುತ್ತಿಗಿ
ನಾಣ್ಯದ ಮ್ಯಾಲ ಬಗ್ಗಿತು.
ಕಡಿತ ನೋಡಿದ್ಲು. ಬೆರಳು ಸರಿಸಿದ್ಲು.
ಯಾರೂ ಹೇಳದಽ ಎದುರಿನ ದಂಡಿಗೆ ಹೋದ್ಲು.
ಇಲ್ಲೂ ಸೊರಗೇತಲ್ರೀ, ಅಂದ್ಲು.

ಬೆಲಿ ಹೇಳಿದೆ. ಎಲ್ಲಾ ಹೇಳಿದೆ,
ತೊಡಿ ಕೆಳಗಿನದೊಂದು ಬಿಟ್ಟು.

ಆಕಿಗೆ ಸಿಟ್ಟು ಬರಲಿಲ್ಲ, ಆಶಿನೂ ಆಗಲಿಲ್ಲ.
ಇನ್ನೂ ನೋಡಕೋಂತನಽ ಕೇಳಿದ್ಲು:
ಇದನ್ನ ಹೊಡದವಗ
ಎಷ್ಟು ಕಡದ್ರಂತ?

ನಾನು ಮೊದಲ್ನೇ ಖಣ ಬಿಚ್ಚಿ
ಕಿಟಕಿಗೆ ಹಿಡದೆ.
ಭಿಂಗ ಆಕಿ ಕೈಯಾಗಽ ಇತ್ತು.